ಪಾರ್ವತಿಬಾಯಿ ತನ್ನ ಬೆನ್ನು ಕಂಡದ್ದು

ಪಾರ್ವತಿಬಾಯಿ ಕಾಲು ಮುಂದಾಗಿ ಹುಟ್ಟಿದವಳು. ಎಲ್ಲರೂ ತಲೆ ಮೊದಲು ಮಾಡಿ ಬಂದರೆ ಇವಳು ಮೊದಲು ಕಾಲಿಟ್ಟು, ನೆಲ ಗಟ್ಟಿ ಇದೆಯೋ ಇಲ್ಲವೋ ನೋಡಿಕೊಂಡು, ಆಮೇಲೆ ಬಂದಳು ಎಂದು ತವರಿನವರು ಹೇಳಿ ನಗುತ್ತಿದ್ದರಂತೆ. ಅಂಥವರ ಕಾಲು ತಾಗಿದರೆ ಉಳುಕಿದ ನಡ ಬಿಡುತ್ತದೆ ಎನ್ನುವುದು ಶಹಾಪುರದ ಸುತ್ತಮುತ್ತ ಯಾರಿಗೆ ಗೊತ್ತಿಲ್ಲ? ಭಾನುವಾರ ಮತ್ತು ಅಮಾವಾಸ್ಯೆಯ ಬೆಳಿಗ್ಗೆ ಅವಳ ಅಂಗಳದಲ್ಲಿ ನಡ ಹಿಡಿದುಕೊಂಡವರು, ಒಂದು ಕಡೆ ವಾಲಿದವರು, ಹೆಂಡತಿಯ ಹೆಗಲಿಗೆ ಕೈ ಹಾಕಿಕೊಂಡವರು ಬಂದು ನಿಲ್ಲುತ್ತಿದ್ದರು. ಬಂದವರು ಪಡಸಾಲೆಯಲ್ಲಿ ಬೋರಲು ಮಲಗಬೇಕು. ಪಾರ್ವತಿಬಾಯಿ ಬಾಗಿಲ ಚೌಕಟ್ಟು ಹಿಡಿದು, ಬಲಗಾಲೆತ್ತಿ, ಅವರ ನಡಕ್ಕೆ ಮೂರು ಸಲ ತಾಗಿಸುತ್ತಾಳೆ. ಆಮೇಲೆ ಅವರು ಎದ್ದು, ತುಟಿ ಬಿಚ್ಚದೆ, ಹಿಂದಿರುಗಿ ನೋಡದೆ ಹೋಗಬೇಕು. ಇದಕ್ಕೆ ಅವಳು ಕಾಲು ಹಚ್ಚುವುದು ಎನ್ನುತ್ತಿದ್ದಳು. ಊರಿನವರು ಮಾತ್ರ ಒದೆ ಎಂದೇ ಕರೆಯುತ್ತಿದ್ದರು. ಪಾರ್ವತಿಬಾಯಿ ಕಡೆ ಒದಿಸಿಕೊಂಡು ಬಂದೆ ಎಂದು ಚಹಾದ ಅಂಗಡಿಯಲ್ಲಿ ಎದೆಯುಬ್ಬಿಸಿ ಹೇಳುವವರೂ ಇದ್ದರು.

ಇಂಥವಳ ನಡವೇ ಹಿಡಿದು ಎರಡು ವರ್ಷವಾಗಿತ್ತು. ಮೊದಲು ನಡ, ಆಮೇಲೆ ಬೆನ್ನು, ಈಗ ಕುತ್ತಿಗೆ. ಯಾರಾದರೂ ಕರೆದರೆ ಕುತ್ತಿಗೆ ತಿರುಗದೆ ಇಡೀ ಮೈಯೇ ತಿರುಗಬೇಕಾಗುತ್ತಿತ್ತು. ತನ್ನ ಕಾಲು ತನ್ನ ನಡಕ್ಕೆ ಹಚ್ಚಿಕೊಳ್ಳುವ ವಿದ್ಯೆಯನ್ನು ದೇವರು ಯಾರಿಗೂ ಕೊಟ್ಟಿಲ್ಲವಲ್ಲ. ಅವಳು ಯಾರಿಗೂ ಹೇಳಲಿಲ್ಲ. ಒದೆಯುವವಳ ನಡವೇ ಹಿಡಿದಿದೆ ಎಂದು ಗೊತ್ತಾದರೆ ಮರುದಿನ ಅಂಗಳಕ್ಕೆ ಯಾರು ಬರುತ್ತಾರೆ? ಗಂಡ ಚನ್ನಯ್ಯ ತೀರಿಕೊಂಡ ಮೇಲೆ ಬೀಜ-ಗೊಬ್ಬರದ ಅಂಗಡಿ ಮಗ ರೇವಣಸಿದ್ದನದಾಯಿತು. ತಿಜೋರಿಯ ಕೀಲಿ ಸೊಸೆ ಸೌಭಾಗ್ಯಳ ಸೊಂಟಕ್ಕೆ ಹೋಯಿತು. ಅವಳದು ಎಂದು ಉಳಿದದ್ದು ಈ ಬಲಗಾಲು ಒಂದೇ.

ಒಂದು ಭಾನುವಾರ ಅಂಗಳದಲ್ಲಿ ಇನ್ನೂ ಯಾರೂ ಇಲ್ಲದಾಗ ತೊಗರಿ ದಲಾಲ ಭಗವಂತರಾಯ ಬಂದು ಬೋರಲು ಮಲಗಿದ. ಪಾರ್ವತಿಬಾಯಿ ಕಾಲೆತ್ತಿದಳು. ನೆಲದಿಂದ ನಾಲ್ಕು ಬೆರಳು ಎದ್ದ ಕಾಲು ಅಲ್ಲಿಗೇ ನಿಂತಿತು. ನಡದಿಂದ ಕುತ್ತಿಗೆಯವರೆಗೆ ಸೆಳೆತ ಹೊಡೆದು ಕಣ್ಣಲ್ಲಿ ನೀರು ಬಂತು. ಇನ್ನೊಮ್ಮೆ ಎತ್ತಿದಳು, ಅಷ್ಟೇ. ಕೆಳಗೆ ಭಗವಂತರಾಯ ನೆಲಕ್ಕೆ ಮೂಗು ಒತ್ತಿ ಕಾಯುತ್ತಿದ್ದಾನೆ. ಮೂಲೆಯಲ್ಲಿ ಮಗನ ಛತ್ರಿ ನಿಂತಿತ್ತು. ಹಿಂದಿರುಗಿ ನೋಡಬಾರದೆಂಬ ನಿಯಮ ಅವತ್ತು ಅವಳ ಮಾನ ಕಾಯಿತು. ಛತ್ರಿಯ ಹಿಡಿಕೆಯಿಂದ ಮೂರು ಸಲ ಒತ್ತಿದಳು.

ಭಗವಂತರಾಯ ಎದ್ದ, ಸೊಂಟ ಆಚೆ ಈಚೆ ತಿರುಗಿಸಿದ, ಮಾತಾಡಬಾರದೆಂಬುದನ್ನೇ ಮರೆತ. "ಇವತ್ತ ಭಾಳ ಗಟ್ಟಿ ಬಿತ್ತು ನೋಡ್ರಿ ಅವ್ವಾರ" ಎಂದವನು ನೆಟ್ಟಗೆ ನಡೆದುಕೊಂಡು ಹೋದ.

ಪಾರ್ವತಿಬಾಯಿ ಇಡೀ ಮೈ ತಿರುಗಿಸಿ ನೋಡಿದರೆ ಅಡುಗೆಮನೆಯ ಬಾಗಿಲಲ್ಲಿ ಸೌಭಾಗ್ಯ ಚಹಾದ ಕಪ್ಪು ಹಿಡಿದು ನಿಂತಿದ್ದಳು. ಸರಕಾರಿ ಶಾಲೆಯ ಟೀಚರು ಅವಳು. ಮಕ್ಕಳ ಚಿಕ್ಕ ತಪ್ಪಿಗೂ ಅರ್ಧ ತಾಸು ಬುದ್ಧಿ ಹೇಳುವ ಬಾಯಿ. ಆದರೆ ಅತ್ತೆಗೆ ಚಹಾ ಕೊಟ್ಟಳು, ಛತ್ರಿಯನ್ನು ಮೂಲೆಗೆ ಇಟ್ಟಳು, ಏನೂ ಅನ್ನದೆ ಒಳಗೆ ಹೋದಳು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಸುಮ್ಮನಿದ್ದವಳನ್ನು ಏನು ಮಾಡುವುದು? ಪಾರ್ವತಿಬಾಯಿಗೆ ಅವತ್ತೆಲ್ಲ ಒಳಗೇ ಉರಿಯಿತು.

ಆ ಉರಿ ಹೊರಗೆ ಬಂದದ್ದು ಸಂಜೆಯ ಊಟಕ್ಕೆ. ರೊಟ್ಟಿ ದಪ್ಪ, ಅಂಚು ಹಸಿ ಎಂದು ರೇವಣಸಿದ್ದ ಗೊಣಗಿದ. ರೊಟ್ಟಿ ಬಡಿಯುವುದು ಇನ್ನೂ ಪಾರ್ವತಿಬಾಯಿಯ ಕೆಲಸ. ಒಲೆಯ ಮುಂದೆ ಬಾಗಲಾರದೆ ಅವಳು ರೊಟ್ಟಿ ಅಂಗೈಯಗಲ ಆಗುತ್ತಲೇ ಬಡಿಯುವುದು ಬಿಟ್ಟು ಹೆಂಚಿಗೆ ಹಾಕುತ್ತಿದ್ದಳು. ನಿನ್ನ ಹೆಂಡತಿ ಬಡಿಯಲಿ, ಶನಿವಾರ ಮಧ್ಯಾಹ್ನಕ್ಕೆ ಶಾಲೆ ಬಿಟ್ಟರೂ ಸಂಜೆಗೆ ಮನೆಗೆ ಬರುತ್ತಾಳೆ, ಎಲ್ಲಿಗೆ ಹೋಗುತ್ತಾಳೋ ಯಾರು ಕೇಳುವವರು ಎಂದು ಅವಳು ಎಲ್ಲರಿಗೂ ಕೇಳುವ ಹಾಗೆ ಅಂದಳು.

ಮೊಮ್ಮಗಳು ಭುವನೇಶ್ವರಿ ಡಿಗ್ರಿ ಓದುತ್ತಿದ್ದಳು, ನಾಲಿಗೆಗೆ ಲಗಾಮಿಲ್ಲ. ಪುಂಡಿಪಲ್ಯ ಬಾಯಲ್ಲಿರುವಾಗಲೇ ಹೇಳಿಬಿಟ್ಟಳು. "ಮಮ್ಮಿ ಯಾದಗಿರಿಗಿ ಹೋಗ್ತಾಳ ಆಯಿ. ಕುತ್ತಗಿ ನೋವಿಗಿ. ಅಲ್ಲಿ ಟಿವಿಯಾಗ ಆಕಿ ಬೆನ್ನ ಆಕಿಗೇ ತೋರಿಸ್ತಾರ."

ಪಾರ್ವತಿಬಾಯಿ ಇಡೀ ಮೈ ಸೊಸೆಯ ಕಡೆ ತಿರುಗಿಸಿದಳು.

"ಮನ್ಯಾಗ ನಾ ಇರೂವಾಗ ನೀ ಯಾದಗಿರಿತನ ಹೋಗ್ತಿ?" ಪಾರ್ವತಿಬಾಯಿ ಕೇಳಿದಳು. "ಊರ ಮಂದಿ ನನ್ನ ಬಾಗಲಿಗಿ ಬರ್ತದ. ನನ್ನ ಸೊಸಿ ಬಸ್ ಹತ್ತತಾಳ."

"ಇದು ಉಳುಕಲ್ರಿ ಅತ್ತಿ. ಮೂರು ವರ್ಷದ ನೋವು. ಕಾಲ ಹಚ್ಚಿದ್ರ ಹೋಗೂದಲ್ಲ" ಎಂದಳು ಸೌಭಾಗ್ಯ. ಆಮೇಲೆ ದನಿ ಇಳಿಸಿ, "ಮತ್ತ ನಮ್ಮ ತವರಮನಿಗಿ ಆ ಮಾತು ಹೋಗೂದೂ ಬ್ಯಾಡ" ಎಂದಳು.

ಆ ಮಾತು ಯಾವುದೆಂದು ಇಬ್ಬರಿಗೂ ಗೊತ್ತು. ಸೌಭಾಗ್ಯ ಹೊಸದಾಗಿ ಸೊಸೆಯಾಗಿ ಬಂದಾಗ ನೀರಿನ ಕೊಡ ಎತ್ತುವಾಗ ನಡ ಉಳುಕಿತ್ತು. ಪಾರ್ವತಿಬಾಯಿ ಕಾಲು ಹಚ್ಚಿದ್ದಳು, ಉಳುಕು ಬಿಟ್ಟಿತ್ತು. ಹುಡುಗಿ ಸಂಭ್ರಮದಿಂದ ಗುರುಮಠಕಲ್ಲಿನ ತವರಿಗೆ ಫೋನು ಮಾಡಿ, ಅತ್ತೆ ಒದ್ದರು, ಈಗ ಆರಾಮಾಯಿತು ಎಂದಿದ್ದಳು. ಅವಳ ತಾಯಿಗೆ ಕೇಳಿಸಿದ್ದು ಮೊದಲ ಅರ್ಧ ಮಾತ್ರ. ಮರುದಿನ ಅಣ್ಣ ವಿಶ್ವರಾಧ್ಯ ಜೀಪು ತುಂಬ ಜನ ಹಾಕಿಕೊಂಡು ಬಂದು ಅಂಗಳದಲ್ಲಿ ನಿಂತು, ನಮ್ಮ ಹುಡುಗಿಗೆ ಯಾರು ಒದ್ದವರು ಎಂದು ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ ಕೂಗಿದ್ದ. ತಿಳಿಸಿ ಹೇಳಿ, ಹೋಳಿಗೆ ಮಾಡಿ ಉಣ್ಣಿಸಿ ಕಳಿಸುವಷ್ಟರಲ್ಲಿ ಓಣಿಯವರಿಗೆಲ್ಲ ನಗೆಯ ಹಬ್ಬವಾಗಿತ್ತು. ಅವತ್ತಿನಿಂದ ಅತ್ತೆ ಸೊಸೆಗೆ ಕಾಲು ಹಚ್ಚಲಿಲ್ಲ, ಸೊಸೆಯೂ ಕೇಳಲಿಲ್ಲ.

ಮುಂದಿನ ಶನಿವಾರ ತಾನೂ ಬರುತ್ತೇನೆಂದು ಪಾರ್ವತಿಬಾಯಿ ಹೇಳಿಬಿಟ್ಟಳು. ಹೆಣ್ಣುಮಕ್ಕಳ ಬೆನ್ನು ಟಿವಿಯಲ್ಲಿ ಹಾಕುವ ಡಾಕ್ಟರು ಎಂಥವರು ಎಂದು ಮುಖ ನೋಡಿ ಕೇಳುವುದಿತ್ತು ಅವಳಿಗೆ. ಬಸ್ಸು ಭೀಮಾ ನದಿಯ ಸೇತುವೆ ದಾಟುವವರೆಗೂ ಕೇಳಬೇಕಾದ್ದನ್ನೆಲ್ಲ ಮನಸ್ಸಿನಲ್ಲಿ ಜೋಡಿಸುತ್ತಲೇ ಇದ್ದಳು. ಪ್ರತಿ ಕುಲುಕಾಟಕ್ಕೂ ಬೆನ್ನು ಹಿಡಿದು, ಜೋಡಿಸಿದ್ದು ಚದುರುತ್ತಿತ್ತು. ಸೌಭಾಗ್ಯ ತನ್ನ ಚೀಲವನ್ನು ಅವಳ ಬೆನ್ನಿನ ಹಿಂದೆ ತುರುಕಿದಳು. ಪಾರ್ವತಿಬಾಯಿ ಬೇಡ ಅನ್ನಲಿಲ್ಲ, ಆದರೆ ಅದಕ್ಕೆ ಆತು ಕೂರಲೂ ಇಲ್ಲ.

ಡಾಕ್ಟರು ಪರಿಮಳಾ ಚಿಕ್ಕ ವಯಸ್ಸಿನವಳು. ಔಷಧ ಕೊಡದೆ ಕಸರತ್ತು ಮಾಡಿಸಿ ನೋವು ಇಳಿಸುವ ಫಿಜಿಯೋಥೆರಪಿ ಅವಳ ಕಸುಬು. ಪಾರ್ವತಿಬಾಯಿ ಬಾಯಿ ತೆರೆಯುವ ಮೊದಲೇ ಅವಳು ಕಾಲು ಮುಟ್ಟಿ ನಮಸ್ಕರಿಸಿದಳು. "ನಮ್ಮಪ್ಪ ಅಂಬ್ರಪ್ಪ ರಾಮಸಮುದ್ರದಿಂದ ನಿಮ್ಮ ಕಡಿ ಒದಿಸ್ಕೊಳ್ಳಾಕ ಬರ್ತಿದ್ದರಿ. ಬಂದ ಮ್ಯಾಲ ಮನ್ಯಾಗ ಎಲ್ಲಾರಿಗೂ ಹೇಳಿದ್ದೇ ಹೇಳಿದ್ದು." ಜೋಡಿಸಿಕೊಂಡು ಬಂದ ಜಗಳವೆಲ್ಲ ಪಾರ್ವತಿಬಾಯಿಯ ಗಂಟಲಲ್ಲೇ ಉಳಿಯಿತು.

ಒಳಗಿನ ಕೋಣೆಯಲ್ಲಿ ಒಂದು ಸ್ಟೂಲು. ಅದರ ಹಿಂದೆ ಸ್ಟ್ಯಾಂಡಿನ ಮೇಲೆ ನಿಲ್ಲಿಸಿದ ಕ್ಯಾಮೆರಾ, ಮುಂದೆ ಗೋಡೆಯಲ್ಲಿ ದೊಡ್ಡ ಟಿವಿ. ಬಾಗಿಲು ಹಾಕಿ, ಬೆನ್ನ ಕಡೆ ತೆರೆದು ಲಾಡಿ ಕಟ್ಟುವ ನಿಲುವಂಗಿ ತೊಟ್ಟು ಸೌಭಾಗ್ಯ ಕುಳಿತಳು. ಟಿವಿಯ ತುಂಬ ಅವಳ ಬೆನ್ನು, ಕುತ್ತಿಗೆ. ಅವಳು ಮೆಲ್ಲಗೆ ತಲೆ ತಿರುಗಿಸಿದಾಗ ಟಿವಿಯೊಳಗೂ ಕುತ್ತಿಗೆ ತಿರುಗಿತು. ಅದನ್ನೇ ನೋಡುತ್ತ ಸೌಭಾಗ್ಯ ನಗುತ್ತಿದ್ದಳು. ಮನೆಯಲ್ಲಿ ಹೆಗಲೆತ್ತಿಕೊಂಡು ಬಿಗಿಯಾಗಿ ಓಡಾಡುವ ಸೊಸೆ ಹೀಗೂ ನಗುತ್ತಾಳೆಂದು ಪಾರ್ವತಿಬಾಯಿಗೆ ಗೊತ್ತೇ ಇರಲಿಲ್ಲ.

ಇದು ಎಲ್ಲೂ ಉಳಿಯುವುದಿಲ್ಲ, ಕನ್ನಡಿ ಇದ್ದ ಹಾಗೆ, ಎದುರಿಗಿರುವಷ್ಟು ಹೊತ್ತು ಮಾತ್ರ ಎಂದಳು ಪರಿಮಳಾ. ನೀವೂ ಒಮ್ಮೆ ಕೂಡಿರಿ ಎಂದಳು. ನನಗೇನಾಗಿದೆ ಎಂದು ಪಾರ್ವತಿಬಾಯಿ ಬಿಗಿದು ನಿಂತಳು. ಸೌಭಾಗ್ಯ ಅವಳ ಕಣ್ಣನ್ನೇ ನೋಡಿದಳು, ಛತ್ರಿಯ ಮಾತು ಆಡಲಿಲ್ಲ. "ಸುಮ್ಮ ಕೂಡ್ರಿ ಅತ್ತಿ. ಇಲ್ಲಿ ನಮ್ಮ ಓಣಿಯವ್ರು ಯಾರೂ ಇಲ್ಲ" ಎಂದಳು.

ನಿಲುವಂಗಿ ತೊಡಿಸಿ ಕೂರಿಸಿದರು. ಪಾರ್ವತಿಬಾಯಿ ಟಿವಿ ನೋಡಿ ಹುಬ್ಬು ಗಂಟಿಕ್ಕಿದಳು. ಯಾವುದೋ ಮುದುಕಿಯ ಬೆನ್ನು. ಒಂದು ಹೆಗಲು ಮೇಲೆ, ಒಂದು ಕೆಳಗೆ; ಬಲಗಡೆ ಕುಪ್ಪಸ ಮುಚ್ಚುವಲ್ಲಿ ತೊಗರಿಕಾಳಿನಷ್ಟು ಕರಿ ಮಚ್ಚೆ.

"ಈ ಮುದುಕಿ ಯಾರ್ರಿ? ನನ್ನ ಕೂಡಿಸಿ ಮಂದಿ ಬೆನ್ನ ತೋರಿಸಾಕತ್ತೀರಿ?"

"ಬಲಗೈ ಎತ್ರಿ ಅವ್ವಾರ" ಎಂದಳು ಪರಿಮಳಾ.

ಎತ್ತಿದಳು. ಮುದುಕಿಯೂ ಎತ್ತಿದಳು. ಇಳಿಸಿದಳು. ಮುದುಕಿಯೂ ಇಳಿಸಿದಳು. ಪಾರ್ವತಿಬಾಯಿಗೆ ಮೈ ಝುಂ ಎಂದಿತು. ಆರು ದಶಕ ಹೊತ್ತು ತಿರುಗಿದ ಬೆನ್ನು! ಊರ ಬೆನ್ನೆಲ್ಲ ನೋಡಿದವಳು ತನ್ನದನ್ನು ಇವತ್ತು ನೋಡುತ್ತಿದ್ದಾಳೆ. ಮಚ್ಚೆ ತನ್ನದೇನಾ ಎಂದು ಕೇಳಿದಳು. ಹಬ್ಬಕ್ಕೆ ಎಣ್ಣೆ ಹಚ್ಚುವಾಗೆಲ್ಲ ನೋಡಿದ್ದೇನೆ ಎಂದಳು ಸೌಭಾಗ್ಯ. ಹಾಗಾದರೆ ಎಲ್ಲರಿಗೂ ಗೊತ್ತಿತ್ತು! ಗಂಡ ಚನ್ನಯ್ಯನೂ ನೋಡಿರಬೇಕು, ಒಂದು ದಿನವೂ ಬಾಯಿ ಬಿಡಲಿಲ್ಲ ಪುಣ್ಯಾತ್ಮ. ಅವಳಿಗೆ ನಗು ಬಂತು, ಕೂಡಲೇ ಅಳುವೂ ಬಂತು.

ಕಣ್ಣು ಟಿವಿಯ ಮೇಲೆ ಇಟ್ಟು ಮುಂದೆ ಬಾಗಿರಿ ಎಂದಳು ಪರಿಮಳಾ. ಎರಡು ವರ್ಷದಿಂದ ಬಾಗದವಳು ಉಸಿರು ಬಿಗಿ ಹಿಡಿದು ಒಂದಿಷ್ಟು ಬಾಗಿದಳು. ಒಳಗೆ ಏನೋ ಮುರಿದು ಬೀಳುತ್ತದೆ ಎಂದು ಇಷ್ಟು ದಿನ ಹೆದರಿದ್ದಳು. ಟಿವಿಯಲ್ಲಿ ಏನೂ ಮುರಿಯಲಿಲ್ಲ. ಬೆನ್ನು ಮೆತ್ತಗೆ ಬಾಗಿತು, ಮೆತ್ತಗೆ ಎದ್ದಿತು. ನೋವಿತ್ತು, ಆದರೆ ಪಕ್ಕದ ಮನೆಯ ರೇಡಿಯೋದಂತೆ ದೂರವಾಗಿತ್ತು. ಇನ್ನೊಮ್ಮೆ ಬಾಗಿದಳು. ಯಾರೂ ಹೇಳದೆ ಮತ್ತೊಮ್ಮೆ ಬಾಗಿದಳು.

ಕೈ ಕಾಲು ದಿನಾ ಕಾಣುತ್ತವೆ, ಬೆನ್ನು ಕಾಣುವುದಿಲ್ಲ; ನೋವು ಹಳೆಯದಾದರೆ ತಲೆಯೊಳಗೆ ಬೆನ್ನಿನ ನಕಾಶೆಯೇ ಮಸುಕಾಗುತ್ತದೆ, ಆಗ ಅದು ಸುಮ್ಮಸುಮ್ಮನೆ ಹೆದರಿ ಬಿಗಿ ಹಿಡಿಯುತ್ತದೆ, ಕಣ್ಣಿಗೆ ಕಂಡರೆ ಆ ಹೆದರಿಕೆ ಇಳಿಯುತ್ತದೆ ಎಂದು ಪರಿಮಳಾ ತಿಳಿಸಿದಳು. ಇದು ಮಾಟವಲ್ಲ, ಎಲ್ಲರಿಗೂ ಒಂದೇ ಸಮ ಇಳಿಯುವುದೂ ಇಲ್ಲ, ಕಸರತ್ತು ಬಿಡುವ ಹಾಗಿಲ್ಲ ಎಂದೂ ಹೇಳಿದಳು.

"ಹಿಂದ ನೋಡಬ್ಯಾಡ್ರಿ ಅಂತ ನಾ ಮಂದಿಗಿ ಹೇಳಕೋತ ಬಂದೀನಿ. ನೀ ಹಿಂದ ನೋಡ್ರಿ ಅಂತೀದಿ" ಎಂದಳು ಪಾರ್ವತಿಬಾಯಿ.

"ನೀವು ಹಿಂದ ಎಲ್ಲಿ ನೋಡಿದ್ರಿ ಅವ್ವಾರ? ಮುಂದೇ ನೋಡಿದ್ರಿ" ಎಂದಳು ಪರಿಮಳಾ.

ಮರಳಿ ಬರುವಾಗ ಬಸ್ಸಿನಲ್ಲಿ ಪಾರ್ವತಿಬಾಯಿ ಸೊಸೆಯ ಚೀಲಕ್ಕೆ ಆತು ಕುಳಿತು, ಕೇಳಿದ್ದನ್ನೇ ತಿರುತಿರುಗಿ ಕೇಳಿದಳು. ಕಾಲೆತ್ತಲು ಬರುತ್ತದೆಯೋ? ಮುಂದಿನ ಅಮಾವಾಸ್ಯೆಯ ಹೊತ್ತಿಗೆ ಬರುತ್ತದೆಯೋ? ಗೊತ್ತಿಲ್ಲ, ಪ್ರಯತ್ನ ಮಾಡೋಣ ಎಂದಳು ಸೌಭಾಗ್ಯ.

ಮನೆಯಲ್ಲಿ ಆಮೇಲೆ ಶುರುವಾಯಿತು ನೋಡಿ ಗದ್ದಲ. ಭುವನೇಶ್ವರಿ ಫೋನನ್ನು ಹಿಂದೆ ಡಬ್ಬಿಗಳ ಮೇಲೆ ಒರಗಿಸಿ ಟಿವಿಗೆ ಜೋಡಿಸಿದಳು. ದಿನಾ ಬೆಳಿಗ್ಗೆ ಅತ್ತೆ, ಸಂಜೆ ಸೊಸೆ, ತಪ್ಪಿದರೆ ಇಬ್ಬರೂ ಒಟ್ಟಿಗೆ. ಪಾರ್ವತಿಬಾಯಿಗೆ ಎಂಥ ಹುರುಪು ಹತ್ತಿತೆಂದರೆ ಚಹಾ ಕುದಿಯುವಷ್ಟರಲ್ಲೂ ಒಂದು ಸಲ ಕೂತು ಬರುತ್ತಿದ್ದಳು. ಅಂಗಡಿ ಮುಚ್ಚಿ ಉಣ್ಣಲು ಬಂದ ರೇವಣಸಿದ್ದನಿಗೆ ಮ್ಯಾಚು ನೋಡುವುದಿತ್ತು. ಟಿವಿಯಲ್ಲಿ ನೋಡಿದರೆ ಅವ್ವನ ಬೆನ್ನು.

"ಇದೇನು ಹೊಸ ಚಾನಲ್ಲೇನು? ಮುಂಜಾನೆ ಇದೇ, ಸಂಜಿಗಿ ಇದೇ" ಎಂದ.

"ನಿನ್ನ ಮ್ಯಾಚಿನಾಗ ಯಾರೋ ಓಡ್ತಾರ, ಇಲ್ಲಿ ನಿಮ್ಮವ್ವ ಬಾಗಾಕತ್ತಾಳ. ಯಾವುದ ದೊಡ್ಡದು?" ಎಂದು ಪಾರ್ವತಿಬಾಯಿ ಟಿವಿಯಿಂದ ಕಣ್ಣು ತೆಗೆಯದೆ ಕೇಳಿದಳು. ಮೂರ್ನಾಲ್ಕು ದಿನ ಮುಖ ಉಬ್ಬಿಸಿದವನು ಆಮೇಲೆ ತಟ್ಟೆ ಹಿಡಿದು ಅವಳ ಹಿಂದೆಯೇ ಕೂತು, ಎಡ ಹೆಗಲು ಇಳಿಸು ಎಂದು ಹೇಳುವವನೂ ಆದ.

ರೊಟ್ಟಿ ಮತ್ತೆ ಅಗಲವಾದವು. ಆದರೆ ಅಂಗಳ ಖಾಲಿಯಾಗತೊಡಗಿತು. ಅಮಾವಾಸ್ಯೆಯವರೆಗೆ ಕಾಲಿಗೆ ವ್ರತವಿದೆ, ಹಚ್ಚುವ ಹಾಗಿಲ್ಲ ಎಂದು ಅವಳು ಬಂದವರಿಗೆಲ್ಲ ಹೇಳಿ ಕಳಿಸುತ್ತಿದ್ದಳು. ಎದುರು ಮನೆಯ ಕರೆಮ್ಮ ಒಂದು ದಿನ ಸುದ್ದಿ ತಂದಳು. ಸುರಪುರದ ಹಾದಿಯಲ್ಲಿ ಹಸನಸಾಬ ಎಂಬವನ ಅಳಿಯನೂ ಕಾಲು ಮುಂದಾಗಿ ಹುಟ್ಟಿದವನಂತೆ, ಜನ ಅಲ್ಲಿಗೆ ಹೊರಟಿದ್ದಾರಂತೆ. ಪಾರ್ವತಿಬಾಯಿಗೆ ಅವತ್ತು ಅನ್ನ ಇಳಿಯಲಿಲ್ಲ. ಹಿತ್ತಲಿಗೆ ಹೋಗಿ, ನುಗ್ಗೆ ಗಿಡ ಹಿಡಿದು, ಟಿವಿಯಿಲ್ಲದೆ ಒಮ್ಮೆಲೇ ಕಾಲೆತ್ತಿದಳು. ಬೆನ್ನು ಕಚ್ಚಿಕೊಂಡಿತು. ಸೌಭಾಗ್ಯ ಶಾಲೆಯಿಂದ ಬರುವವರೆಗೆ ಗಿಡ ಬಿಡಲಾಗಲಿಲ್ಲ.

ಸೌಭಾಗ್ಯ ತೋಳು ಹಿಡಿದು ಒಳಗೆ ತಂದವಳೇ ಬೈಯಲು ಶುರು ಮಾಡಿದಳು. ಇಷ್ಟು ದಿನ ಮಾಡಿದ್ದನ್ನು ಒಂದು ಹಟಕ್ಕೆ ಕೆಡಿಸಿಕೊಂಡಿರಿ, ಮೆಟ್ಟಿಲು ಬಿಟ್ಟು ಅಟ್ಟಕ್ಕೆ ಹಾರಿದರೆ ಹೀಗೇ ಆಗುವುದು ಎಂದಳು. ಪಾರ್ವತಿಬಾಯಿ ಇಷ್ಟು ದಿನ ಒಳಗಿಟ್ಟದ್ದನ್ನು ಹೊರಗೆ ಹಾಕಿಬಿಟ್ಟಳು.

"ಅವತ್ತ ಛತ್ರಿ ನೋಡಿದ್ಯಲ್ಲ, ಆಗ ಯಾಕ ಬೈಲಿಲ್ಲ?"

"ಏನಂತ ಬೈಲಿರಿ? ಭಗವಂತರಾಯರ ನಡಾ ನೆಟ್ಟಗಾಗಿತ್ತಲ್ಲ." ಸೌಭಾಗ್ಯ ಎಣ್ಣೆಯ ಬಟ್ಟಲು ತರುತ್ತ ಅಂದಳು. "ಆಮ್ಯಾಲ ನಿಮ್ಮ ಕಣ್ಣಾಗ ನೀರಿತ್ತು. ನನಗೂ ಅದೇ ನೋವದ ಅತ್ತಿ. ಗೊತ್ತಾಗಂಗಿಲ್ಲೇನು?"

ಪಾರ್ವತಿಬಾಯಿ ಬೆನ್ನು ಕೊಟ್ಟು ಕುಳಿತಳು. ಸೊಸೆಯ ಕೈ ಬೆನ್ನ ಮೇಲೆ ಎಲ್ಲಿ ಆಡುತ್ತಿದೆ ಎಂಬುದು ಈಗ ಅವಳಿಗೆ ನೋಡಿದಷ್ಟೇ ಸ್ಪಷ್ಟವಾಗಿ ಗೊತ್ತಾಗುತ್ತಿತ್ತು.

ಒಂದೆರಡು ದಿನ ಬಿಟ್ಟು ಮತ್ತೆ ಮೊದಲಿನಿಂದ ಹಿಡಿದರು. ಈಗ ನಿಂತು, ಚೌಕಟ್ಟು ಹಿಡಿದು, ಟಿವಿ ನೋಡುತ್ತ ಹಿಮ್ಮಡಿ ಎತ್ತುವುದು. ಆಮೇಲೆ ಅಡಿ. ಆಮೇಲೆ ಮೊಳಕಾಲು. ಪರಿಮಳಾ ಹೇಳಿದಂತೆ ಟಿವಿಯನ್ನು ಒಂದು ಸಲ ಹಚ್ಚಿ, ಒಂದು ಸಲ ಆರಿಸಿ ಮಾಡಿಸುತ್ತಿದ್ದರು. ಆರಿಸಿದಾಗಲೂ ಬೆನ್ನು ಕಣ್ಣ ಮುಂದೆ ಇರಬೇಕು. ಮನೆಯವರ ಮುಂದೆ ಕಾಲು ಏಳುತ್ತಿತ್ತು. ಕಂಬಳಿ ಸುತ್ತಿಟ್ಟು ಅದಕ್ಕೆ ತಾಗಿಸಿಯೂ ಆಯಿತು. ಭುವನೇಶ್ವರಿ ಚಪ್ಪಾಳೆ ತಟ್ಟಿದಳು. ಆದರೆ ಕಂಬಳಿ ಬೇರೆ, ಊರಿನ ಮನುಷ್ಯನ ನಡ ಬೇರೆ. ಎಲ್ಲರೂ ನೋಡುವಾಗ ಕಾಲು ನಿಂತುಬಿಟ್ಟರೆ? ಅಂಥದೊಂದು ಬೆಳಿಗ್ಗೆ ಆದರೆ ಸಾಕು, ಮತ್ತೆ ಈ ಬಾಗಿಲಿಗೆ ಯಾರೂ ಬರುವುದಿಲ್ಲ.

ಅಮಾವಾಸ್ಯೆಯ ಬೆಳಿಗ್ಗೆ ಅಂಗಳದಲ್ಲಿ ಜನ ನೆರೆದಿದ್ದರು. ಭಗವಂತರಾಯ ತನ್ನ ತಮ್ಮನನ್ನು ಕರೆತಂದಿದ್ದ. ಸೈದಾಪುರದ ಫ್ಯಾಕ್ಟರಿಗೆ ಹೋಗುವ ಒಬ್ಬ ಸೊಟ್ಟಗೆ ನಿಂತಿದ್ದ. ಕರೆಮ್ಮ ತನಗೂ ನಡ ಹಿಡಿದಿದೆ ಎಂದು ಬಂದು ಮುಂದೆಯೇ ನಿಂತಿದ್ದಳು. ವ್ರತ ಹೇಗಿತ್ತೆಂದು ನೋಡುವ ನೋವೇ ಅವಳಿಗೆ ಹೆಚ್ಚಿತ್ತು. ಪಾರ್ವತಿಬಾಯಿ ಮಿಂದು, ವಿಭೂತಿ ಹಚ್ಚಿ, ಪಡಸಾಲೆಗೆ ಬಂದು ಚೌಕಟ್ಟು ಹಿಡಿದಳು. ಮೊದಲಿನವರು ಬರ್ರಿ ಎನ್ನಬೇಕು, ಬಾಯಿ ಬರಲಿಲ್ಲ. ಬಲಗಾಲು ನೆಲಕ್ಕೆ ಅಂಟಿಕೊಂಡಂತಿತ್ತು. ಭಗವಂತರಾಯನ ತಮ್ಮ ಮೆಟ್ಟಿಲಿಗೆ ಕಾಲಿಟ್ಟ.

"ಸ್ವಲ್ಪ ತಡೀರಿ. ಮೊದಲ ನಂದು" ಎಂದು ಒಳಗಿನಿಂದ ದನಿ ಬಂತು.

ಸೌಭಾಗ್ಯ ಶಾಲೆಗೆ ಹೊರಟ ಸೀರೆಯಲ್ಲೇ ಬಂದಳು. ಸೆರಗು ಸಿಕ್ಕಿಸಿ, ಬಾಗಿಲು ಹಾರುಹೊಡೆದಿದ್ದಂತೆಯೇ, ಅಷ್ಟೂ ಜನರ ಎದುರಿಗೆ ಅತ್ತೆಯ ಕಾಲ ಬಳಿ ಬೋರಲು ಮಲಗಿದಳು. ಪಾರ್ವತಿಬಾಯಿ ದಿಗಿಲುಬಿದ್ದಳು. ಮತ್ತೆ ಮಾತು ಹೋಗುತ್ತದೆ, ಮತ್ತೆ ಜೀಪು ಬರುತ್ತದೆ, ಏಳು ಎಂದು ಪಿಸುಗುಟ್ಟಿದಳು. ಸೌಭಾಗ್ಯ ಏಳಲಿಲ್ಲ.

"ಕಾಲ ಬರದಿದ್ರ ಬರಲಿಲ್ಲ. ನಂದೇ ನಡಾ, ಯಾರಿಗಿ ಹೇಳಾಕ ಹೋಗಲಿ?" ನೆಲಕ್ಕೆ ಮುಖವಿಟ್ಟು ಅವಳು ಸಣ್ಣಗೆ ಅಂದಳು. "ಬೆನ್ನ ನೆನಸ್ಕೊಳ್ರಿ ಅತ್ತಿ. ಮಚ್ಚಿ ನೆನಸ್ಕೊಳ್ರಿ."

ಪಾರ್ವತಿಬಾಯಿ ಕಣ್ಣು ಮುಚ್ಚಲಿಲ್ಲ. ಎದುರಿಗೆ ಅಂಗಳವಿತ್ತು, ಜನವಿದ್ದರು. ಅದರ ನಡುವೆಯೇ ಅವಳಿಗೆ ತನ್ನ ಬೆನ್ನು ಕಂಡಿತು: ಎಡ ಹೆಗಲು ಇಳಿಯಿತು, ನಡ ಸಡಿಲಾಯಿತು, ಏನೂ ಮುರಿಯಲಿಲ್ಲ. ಬಲಗಾಲು ನೆಲ ಬಿಟ್ಟಿತು. ನಾಲ್ಕು ಬೆರಳು ದಾಟಿತು, ಗೇಣು ದಾಟಿತು. ಅಂಗಾಲು ಸೊಸೆಯ ನಡಕ್ಕೆ ಮೆತ್ತಗೆ ತಾಗಿತು. ಪಾರ್ವತಿಬಾಯಿಗೆ ಕೂಗಬೇಕೆನಿಸುವಷ್ಟು ಸಂತೋಷವಾಯಿತು.

ಕರೆಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಓಣಿಗೆಲ್ಲ ಕೇಳುವಂತೆ ಅಂದಳು. "ಯವ್ವಾ, ಸೊಸಿಗಿ ಒದ್ಯಾಕತ್ತಾಳಲ್ಲೇ."

"ಹೌದು, ಒದ್ಯಾಕತ್ತಾರ. ನಾನೇ ಒದಿಸ್ಕೊಳ್ಳಾಕತ್ತೇನಿ" ಎಂದಳು ಸೌಭಾಗ್ಯ, ಮಲಗಿದಲ್ಲಿಂದಲೇ, ತರಗತಿಯಲ್ಲಿ ಹೇಳುವ ದನಿಯಲ್ಲಿ. "ನಿಮ್ಮ ಪಾಳಿ ಬರೂತನ ಸುಮ್ಮ ನಿಂದ್ರಿ, ಕರೆಮ್ಮ."

ಪಾರ್ವತಿಬಾಯಿ ಎರಡನೆಯ ಸಲ ಕಾಲೆತ್ತಿದಳು. ಬೇಕಾದದ್ದಕ್ಕಿಂತ ತುಸು ಮೇಲೆಯೇ ಎತ್ತಿದಳು.